ಉಗುರಿಗೆ ಬಣ್ಣ ನೀವೇ ಹಚ್ಚಿಕೊಳ್ಳುವುದಾದರೆ: ಸಾದಾ ಪಾಲಿಶ್, ಜೆಲ್, ಅಂಟಿಸುವ ಉಗುರು, ಗೋರಂಟಿ – ಯಾವುದು ಯಾರಿಗೆ?

ಉಗುರಿನ ಬಣ್ಣ ಕೊಳ್ಳಲು ಫ್ಯಾನ್ಸಿ ಸ್ಟೋರಿಗೆ ಹೋದರೆ ಎಲ್ಲರೂ ಮೊದಲು ನೋಡುವುದು ಬಣ್ಣ. ಆಮೇಲೆ ಬೆಲೆ. ಆಮೇಲೆ ಎಷ್ಟು ದಿನ ಬರುತ್ತದೆ ಅನ್ನುವುದು. ಮೂರೂ ಸರಿಯೇ. ಆದರೆ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದನ್ನು ತೆಗೆಯುವುದು ಹೇಗೆ? ಮನೆಯಲ್ಲಿ ಕೂತು, ನನ್ನ ಕೈಯಿಂದಲೇ, ಉಗುರನ್ನು ಕೆರೆಯದೆ ತೆಗೆಯಲು ಆಗುತ್ತದಾ? ಬಣ್ಣ ಹಚ್ಚಿ ಉಗುರು ಕೆಟ್ಟಿತು ಅನ್ನುವವರನ್ನು ಕೂರಿಸಿಕೊಂಡು ವಿಚಾರಿಸಿದರೆ, ಬಹಳ ಸಲ ತಪ್ಪು ಆಗಿರುವುದು ಬಣ್ಣ ಕಿತ್ತ ರೀತಿಯಲ್ಲಿ.

ಎರಡನೇ ಪ್ರಶ್ನೆ, ನಿಮ್ಮ ಕೈ ವಾರವಿಡೀ ಏನು ಮಾಡುತ್ತದೆ? ಮೊಬೈಲಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಮಚದಲ್ಲಿ ಊಟ ಮಾಡುವವರಿಗೆ, ಪಾತ್ರೆ ತೊಳೆಯಲು ಮೆಷಿನ್ ಇರುವವರಿಗೆ ಹೇಳಿದ್ದು. ಕೋಲಾರದ ಕಡೆಯ ಕೈಗಳ ಕೆಲಸವೇ ಬೇರೆ. ಬೆಳಿಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಬೇಕು. ಟೊಮೇಟೊ ಕೀಳಬೇಕು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಬೇಕು. ಕೆಲವರು ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ, ಕೆಲವರು ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಯಾರೇ ಆಗಲಿ, ಮನೆಗೆ ಬಂದ ಮೇಲೆ ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದು ಕೈಯಲ್ಲೇ. ಇನ್ನು ಡಿಸೆಂಬರ್, ಜನವರಿ ಬಂತೆಂದರೆ ಅವರೆಕಾಯಿ. ಕಾಯಿ ಸುಲಿಯುವುದು ಹೆಬ್ಬೆರಳಿನ ಉಗುರಿನಿಂದ. ಹಿತಕಬೇಳೆಗೆ ನೆನೆಸಿದ ಕಾಳು ಹಿತುಕುವುದು ಹೆಬ್ಬೆರಳು, ತೋರುಬೆರಳಿನ ತುದಿಯಿಂದ, ನೀರಿನಲ್ಲೇ ಕೈ ಇಟ್ಟುಕೊಂಡು, ಗಂಟೆಗಟ್ಟಲೆ. ಆ ಎರಡು ಬೆರಳಿನ ಮೇಲೆ ಯಾವ ಕಂಪನಿಯ ಬಣ್ಣವೂ ನಿಲ್ಲುವುದಿಲ್ಲ. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಆರಿಸಬೇಕು.

ಬಣ್ಣಕ್ಕೆ ಮುಂಚೆ ಉಗುರು

ಉಗುರು ಹುಟ್ಟುವುದು ಬುಡದಲ್ಲಿ, ಚರ್ಮದ ಕೆಳಗೆ. ನಮಗೆ ಕಾಣುವ ಭಾಗಕ್ಕೆ ಜೀವ ಇಲ್ಲ. ಅದು ಕೂದಲಿನ ಹಾಗೆ ಕೆರಟಿನ್‌ನಿಂದ ಆದದ್ದು, ತೆಳು ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಅಂದರೆ ಇವತ್ತು ಕೆರೆದು ತೆಳ್ಳಗೆ ಮಾಡಿಕೊಂಡ ಕೈಯುಗುರು ಪೂರ್ತಿ ಹೊಸದಾಗಿ ಬರಲು ಸುಮಾರು 6 ತಿಂಗಳು ಬೇಕು. ಕಾಲಿನ ಹೆಬ್ಬೆರಳಿನ ಉಗುರಿಗೆ 12ರಿಂದ 18 ತಿಂಗಳು. ಮಧ್ಯದಲ್ಲಿ ಯಾವ ಎಣ್ಣೆ, ಯಾವ ಸೀರಮ್ ಹಚ್ಚಿದರೂ ಹಾಳಾದ ಭಾಗ ರಿಪೇರಿ ಆಗುವುದಿಲ್ಲ. ಅದು ಬೆಳೆದು, ನಾವು ಕತ್ತರಿಸಿ ಹಾಕುವವರೆಗೆ ಕಾಯಬೇಕು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಉಗುರಿನ ದೊಡ್ಡ ಶತ್ರು ನೀರು. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾತ್ರೆ, ಬಟ್ಟೆ, ನೆಲ ಅಂತ ದಿನಕ್ಕೆ ಹಲವು ಸಲ ಹೀಗೆ ಆದರೆ ತುದಿಯಲ್ಲಿ ಪದರ ಪದರವಾಗಿ ಸೀಳುತ್ತದೆ. ಸೋಪು, ಪುಡಿ ಇದನ್ನು ಇನ್ನೂ ಜಾಸ್ತಿ ಮಾಡುತ್ತವೆ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಉಗುರಿನ ಬುಡಕ್ಕೆ ಉಜ್ಜಿ. ದುಬಾರಿ ಕ್ಯೂಟಿಕಲ್ ಆಯಿಲ್ ಮಾಡುವುದೂ ಇದನ್ನೇ, ಒಣಗದ ಹಾಗೆ ಕಾಪಾಡುವುದು.

ಬುಡದಲ್ಲಿ ಉಗುರಿಗೆ ಅಂಟಿಕೊಂಡ ತೆಳು ಚರ್ಮ ಇದೆಯಲ್ಲ, ಅದನ್ನು ಕತ್ತರಿಸಬೇಡಿ. ಪಾರ್ಲರಿನಲ್ಲಿ ಕತ್ತರಿಸಲು ಬಂದರೆ ಬೇಡ ಅನ್ನಿ. ನೀರು, ಕೊಳೆ ಒಳಗೆ ಹೋಗದಂತೆ ತಡೆಯುವುದು ಅದೇ. ಅದು ಹರಿದರೆ ಉಗುರುಸುತ್ತು ಆಗುವುದು ಸುಲಭ. ಸ್ನಾನ ಆದ ತಕ್ಷಣ ಮೆತ್ತಗಿರುವಾಗ ಟವೆಲ್ಲಿನ ಅಂಚಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಸಾಕು. ಉಗುರುಸುತ್ತು ಆದರೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸುವುದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಕೀವು ಕಟ್ಟಿ, ಮಿಡಿಯುವ ನೋವು ಶುರುವಾಗಿದ್ದರೆ ನಿಂಬೆಹಣ್ಣಿನ ಮೇಲೆ ಭಾರ ಹಾಕಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನೇಲ್ ಕಟರ್ ಒಳ್ಳೆಯದೋ ಫೈಲ್ ಒಳ್ಳೆಯದೋ ಅಂತ ಕೇಳುವವರಿದ್ದಾರೆ. ಕಾಲಿಗೆ ಕಟರ್, ಅದೂ ನೇರವಾಗಿ. ಮೂಲೆಗಳನ್ನು ಆಳಕ್ಕೆ ಕತ್ತರಿಸಿದರೆ ಉಗುರು ಮಾಂಸದೊಳಗೆ ಬೆಳೆಯಬಹುದು. ಕೈಗೆ, ಅದರಲ್ಲೂ ಸೀಳುವ ಉಗುರಿದ್ದರೆ, ಫೈಲ್ ವಾಸಿ. ಕಟರ್ ಅಮುಕಿದಾಗ ಪದರಗಳು ಬಿರುಕು ಬಿಡುತ್ತವೆ. ಕಟರಿನ ಜೊತೆಗೇ ಬರುವ ಕಬ್ಬಿಣದ ಫೈಲ್ ಒರಟು. ಉಪ್ಪುಕಾಗದದಂಥ ಫೈಲ್ ಪರವಾಗಿಲ್ಲ, ಆದರೆ ಬೇಗ ಸವೆಯುತ್ತದೆ. ಗಾಜಿನ ಫೈಲ್ ಒಂದು ಕೊಂಡರೆ ಬೀಳಿಸಿ ಒಡೆಯದಿದ್ದರೆ ವರ್ಷಗಟ್ಟಲೆ ಬರುತ್ತದೆ, ತೊಳೆದು ಇಡಬಹುದು. ನಾನು ಹೇಳುವುದು ಗಾಜಿನದನ್ನೇ. ಉಗುರು ಒಣಗಿರುವಾಗ, ಅಂಚಿನಿಂದ ನಡುವಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಎಳೆಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಉಜ್ಜಬೇಡಿ.

ಸಾದಾ ಪಾಲಿಶ್: ಕಲಿಯುವವರಿಗೆ ಇದೇ

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ತಾನೇ ಹಚ್ಚಿಕೊಳ್ಳಲು ಕಲಿಯುವವರಿಗೆ ಸಾದಾ ನೇಲ್ ಪಾಲಿಶ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ. ತಪ್ಪಾದರೆ ಒರೆಸಬಹುದು. ಬೇಜಾರಾದರೆ ಇವತ್ತೇ ತೆಗೆಯಬಹುದು. ಇದು ಹೊಸ ಪ್ರಯೋಗವೂ ಅಲ್ಲ. ರೆವ್ಲಾನ್ ಕಂಪನಿ 1932ರಲ್ಲಿ ಉಗುರಿನ ಬಣ್ಣದಿಂದಲೇ ಶುರುವಾಯಿತು. ಟಾಟಾದವರು ಲ್ಯಾಕ್ಮೆ ಶುರು ಮಾಡಿದ್ದು 1952ರಲ್ಲಿ. ಅಷ್ಟು ಕಾಲ ಎಷ್ಟೋ ಕೈಗಳ ಮೇಲೆ ಬಂದು ಹೋಗಿರುವ ವಸ್ತು ಇದು. ಅದರ ಗುಣ, ದೋಷ ಎರಡೂ ಗೊತ್ತಿವೆ.

ಕೆಲಸ ಮಾಡುವ ರೀತಿ ಸರಳ. ನೈಟ್ರೋಸೆಲ್ಯುಲೋಸ್ ಅನ್ನುವ ವಸ್ತುವನ್ನು ಬೇಗ ಆರಿಹೋಗುವ ದ್ರವದಲ್ಲಿ ಕರಗಿಸಿ, ಬಣ್ಣ ಸೇರಿಸಿರುತ್ತಾರೆ. ದ್ರವ ಗಾಳಿಗೆ ಆರಿದ ಮೇಲೆ ತೆಳು ಪೊರೆ ಉಗುರಿನ ಮೇಲೆ ಉಳಿಯುತ್ತದೆ. ಅದೇ ತರಹದ ದ್ರವ, ಅಂದರೆ ರಿಮೂವರ್, ಹಾಕಿದರೆ ಪೊರೆ ಮತ್ತೆ ಕರಗುತ್ತದೆ. ಇದಕ್ಕೆ ಲ್ಯಾಂಪು ಬೇಡ, ಮೆಷಿನ್ ಬೇಡ.

ಕೊಳ್ಳುವಾಗ ಬಾಟಲಿ ತಿರುಗಿಸಿ ನೋಡಿ. ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನುವ ತಾರೀಖು ಇರಬೇಕು. ಜಾತ್ರೆಯಲ್ಲಿ, ಸಂತೆಯಲ್ಲಿ ಹಾಸಿಟ್ಟು ಮಾರುವ ಬಾಟಲಿಗಳಲ್ಲಿ ಇವು ಇಲ್ಲದಿದ್ದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಕೆಲವು ಬಾಟಲಿಗಳ ಮೇಲೆ ‘3-ಫ್ರೀ’, ‘5-ಫ್ರೀ’, ‘10-ಫ್ರೀ’ ಅಂತ ಇರುತ್ತದೆ. 3-ಫ್ರೀ ಅಂದರೆ ಟೊಲುಯಿನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಈ ಮೂರು ಇಲ್ಲ ಅಂತ. ಅದು ಇದ್ದರೆ ಒಳ್ಳೆಯದು. ಆದರೆ 5, 10 ಅನ್ನುವ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಅಂಕಿ ದೊಡ್ಡದಿದೆ ಅಂತ ಸುಮ್ನೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಇನ್ನೊಂದು ಗಮನಿಸಿ. ‘ಜೆಲ್’ ಅಂತ ಬರೆದ ಬಾಟಲಿಗಳೆಲ್ಲ ಜೆಲ್ ಅಲ್ಲ. ನಿಜವಾದ ಜೆಲ್ ಗಟ್ಟಿಯಾಗಲು ಲ್ಯಾಂಪಿನ ಬೆಳಕು ಬೇಕು. ಲ್ಯಾಂಪ್ ಬೇಡ ಅಂತ ಅದರ ಮೇಲಿದ್ದರೆ ಅದು ಸಾದಾ ಪಾಲಿಶ್ಶೇ, ಹೊಳಪು ಮಾತ್ರ ಜಾಸ್ತಿ. ತೆಗೆಯುವುದೂ ಸಾದಾ ರಿಮೂವರ್‌ನಲ್ಲೇ. ಅದನ್ನು ಧೈರ್ಯವಾಗಿ ಕೊಳ್ಳಬಹುದು.

ಈಗ ಹಚ್ಚುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪಾಲಿಶ್ ಎರಡೇ ದಿನಕ್ಕೆ ಏಳುತ್ತದೆ ಅನ್ನುವವರ ತೊಂದರೆ ಬಹುತೇಕ ಇಲ್ಲೇ ಇರುತ್ತದೆ.

ಕೈ ತೊಳೆದು ಪೂರ್ತಿ ಒಣಗಲಿ. ನೀರು ಕುಡಿದ ಉಗುರು ಉಬ್ಬಿರುತ್ತದೆ. ಅದರ ಮೇಲೆ ಹಚ್ಚಿದರೆ ಉಗುರು ಕುಗ್ಗಿದಾಗ ಬಣ್ಣ ಬಿರುಕು ಬಿಡುತ್ತದೆ. ಬಣ್ಣ ಹಚ್ಚುವ ಮುಂಚೆ ಎಣ್ಣೆ ಬೇಡ. ಮುಂಚೆ ಹಚ್ಚಿದ್ದರೆ, ರಿಮೂವರ್ ಅದ್ದಿದ ಹತ್ತಿಯಿಂದ ಉಗುರನ್ನು ಒಮ್ಮೆ ಒರೆಸಿ. ಬಾಟಲಿಯನ್ನು ಜೋರಾಗಿ ಅಲ್ಲಾಡಿಸದೆ ಎರಡು ಅಂಗೈ ನಡುವೆ ಉರುಳಿಸಿ.

ಮೊದಲು ಬೇಸ್ ಕೋಟ್, ಅಂದರೆ ಬಣ್ಣದ ಕೆಳಗೆ ಹಚ್ಚುವ ತೆಳು ಪದರ. ಇದನ್ನು ಬಿಟ್ಟರೂ ಆಗುತ್ತೆ ಅಂತ ಎಷ್ಟೋ ಜನ ಬಿಡುತ್ತಾರೆ. ಆಮೇಲೆ ಕಡುಗೆಂಪು, ಮರೂನ್ ತೆಗೆದಾಗ ಉಗುರು ಹಳದಿಯಾಗಿ ಕಾಣುತ್ತದೆ. ಆ ಹಳದಿ ಪಾಲಿಶ್ ಬಿಟ್ಟುಹೋದ ಕಲೆ ಅಷ್ಟೇ, ರೋಗವಲ್ಲ. ಉಗುರು ಬೆಳೆದಂತೆ ಹೋಗುತ್ತದೆ. ನಿಂಬೆರಸ, ಸೋಡಾ ಹಾಕಿ ತಿಕ್ಕಿದರೆ ಉಗುರು ಒಣಗುತ್ತದೆ. ಬೇಸ್ ಕೋಟ್ ಇದ್ದರೆ ಈ ಗೋಳೇ ಇಲ್ಲ.

ಬ್ರಷ್ಷಿನ ಒಂದು ಬದಿಯನ್ನು ಬಾಟಲಿಯ ಬಾಯಿಗೆ ಪೂರ್ತಿ ಒರೆಸಿ, ಇನ್ನೊಂದು ಬದಿಯ ತುದಿಯಲ್ಲಿ ಒಂದು ಸಣ್ಣ ಹನಿ ಉಳಿಯಲಿ. ಆ ಹನಿಯನ್ನು ಉಗುರಿನ ನಡುವೆ, ಬುಡದಿಂದ ಒಂದಿಷ್ಟು ದೂರದಲ್ಲಿ ಇಡಿ. ಬ್ರಷ್ಷನ್ನು ಮೆಲ್ಲಗೆ ಬುಡದ ಕಡೆಗೆ ಒತ್ತಿದರೆ ಕೂದಲು ತಾನೇ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಚರ್ಮ ಮುಟ್ಟುವ ಮುಂಚೆ ನಿಲ್ಲಿಸಿ, ಅಲ್ಲಿಂದ ತುದಿಗೆ ಒಂದೇ ಗೆರೆ ಎಳೆಯಿರಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಮೂರು ಗೆರೆಯಲ್ಲಿ ಮುಗಿಯಬೇಕು. ಚರ್ಮಕ್ಕೂ ಬಣ್ಣಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಿ. ಬಣ್ಣ ಚರ್ಮಕ್ಕೆ ತಾಗಿದರೆ ಅಲ್ಲಿಂದಲೇ ಸಿಪ್ಪೆ ಏಳಲು ಶುರುವಾಗುತ್ತದೆ. ಕೊನೆಗೆ ಉಗುರಿನ ತುದಿಯ ಅಂಚಿಗೂ ಬ್ರಷ್ ಆಡಿಸಿ. ಅವರೆಕಾಯಿ ಸುಲಿಯುವ ಕೈಗೆ ಈ ಅಂಚಿನ ಗೆರೆ ಬಹಳ ಮುಖ್ಯ. ಸವೆಯುವುದು ಅಲ್ಲೇ ಅಲ್ವಾ?

ಮೊದಲ ಕೋಟ್ ಪಟ್ಟೆಪಟ್ಟೆಯಾಗಿ ಕಂಡರೆ ಗಾಬರಿ ಬೇಡ, ಅದನ್ನು ತಿದ್ದಲು ಹೋಗಬೇಡಿ. ಎರಡು ಮೂರು ನಿಮಿಷ ಬಿಟ್ಟು ಎರಡನೆಯದು ಹಚ್ಚಿದರೆ ಸರಿಯಾಗುತ್ತದೆ. ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಬೇಗ ಆರುತ್ತವೆ, ಜಾಸ್ತಿ ದಿನ ನಿಲ್ಲುತ್ತವೆ. ಮೇಲೆ ಟಾಪ್ ಕೋಟ್, ಅಂದರೆ ಬಣ್ಣವನ್ನು ಕಾಪಾಡುವ ಕೊನೆಯ ಪದರ. ಹಚ್ಚಿದ ಕೂಡಲೇ ಫ್ಯಾನಿನ ಕೆಳಗೆ ಕೈ ಹಿಡಿಯಬೇಡಿ, ಮೇಲೆ ಮಾತ್ರ ಆರಿ ಗುಳ್ಳೆ ಏಳಬಹುದು. ಮುಟ್ಟಿದರೆ ಅಂಟುವುದಿಲ್ಲ ಅನ್ನುವಷ್ಟು ಬೇಗ ಆರಿದರೂ ಒಳಗೆ ಗಟ್ಟಿಯಾಗಲು ಗಂಟೆಗಳು ಬೇಕು. ಮಲಗುವ ಮುಂಚೆ ಹಚ್ಚಿದರೆ ಬೆಳಿಗ್ಗೆ ಹೊದಿಕೆಯ ನೇಯ್ಗೆಯ ಗುರುತು ಉಗುರಿನ ಮೇಲೆ ಇರುತ್ತದೆ. ಪಾತ್ರೆ, ಸ್ನಾನ ಎಲ್ಲ ಮುಗಿಸಿ, ಸಂಜೆ ಟಿವಿ ಮುಂದೆ ಕೂತಾಗ ಹಚ್ಚುವುದು ಒಳ್ಳೆಯದು.

ಬಲಗೈಯವರಿಗೆ ಬಲಗೈ ಉಗುರಿಗೆ ಹಚ್ಚುವುದೇ ಕಷ್ಟ. ಎರಡೂ ಮುಂಗೈಯನ್ನು ಮೇಜಿನ ಮೇಲೆ ಊರಿ. ಎಡಗೈಯಲ್ಲಿ ಬ್ರಷ್ ಹಿಡಿದು ಅದನ್ನು ಅಲುಗಾಡಿಸದೆ, ಬಲಗೈ ಬೆರಳನ್ನೇ ಹಿಂದಕ್ಕೆ ಎಳೆದುಕೊಳ್ಳಿ. ಕೈ ನಡುಗುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆಚೀಚೆ ತಾಗಿದ್ದನ್ನು ಕಡ್ಡಿಗೆ ಹತ್ತಿ ಸುತ್ತಿ ರಿಮೂವರ್‌ನಲ್ಲಿ ಅದ್ದಿ ಒರೆಸಿ. ಕಲಿಯುವಾಗ ತಿಳಿ ಬಣ್ಣ ತೆಗೆದುಕೊಳ್ಳಿ, ತಪ್ಪು ಕಾಣುವುದಿಲ್ಲ. ಗ್ಲಿಟರ್ ಇನ್ನೂ ಚೆನ್ನಾಗಿ ತಪ್ಪು ಮುಚ್ಚುತ್ತದೆ, ಆದರೆ ತೆಗೆಯುವಾಗ ಪ್ರಾಣ ಹಿಂಡುತ್ತದೆ.

ಮನೆಕೆಲಸ ಮಾಡುವ ಕೈಯಲ್ಲಿ ಇದು ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ, ಟಾಪ್ ಕೋಟ್ ಮತ್ತೆ ಹಚ್ಚಿದರೆ ವಾರ. ಇದೇ ಇದರ ಕೊರತೆ. ಬಿಳಿ, ತಿಳಿ ಗುಲಾಬಿ ಬಣ್ಣಗಳಿಗೆ ಸಾರಿನ ಅರಿಶಿನ ಹಿಡಿಯುತ್ತದೆ ಅನ್ನುವುದೂ ತಿಳಿದಿರಲಿ.

ಜೆಲ್: ಚೆಂದ ಹೌದು, ಮನೆಗೆ ಬೇಡ

ಜೆಲ್ ಗಾಳಿಗೆ ಆರುವುದಿಲ್ಲ. ಅದರಲ್ಲಿರುವ ಅಕ್ರಿಲೇಟ್ ಜಾತಿಯ ರಾಸಾಯನಿಕಗಳು ಲ್ಯಾಂಪಿನ ಬೆಳಕು ಬಿದ್ದಾಗ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪ್ಲಾಸ್ಟಿಕ್ ಆಗುತ್ತವೆ. ಅದಕ್ಕೇ ಅಷ್ಟು ಹೊಳಪು, ಎರಡು ವಾರ ಅಲುಗದೆ ನಿಲ್ಲುವ ಶಕ್ತಿ. ಲ್ಯಾಂಪಿನಿಂದ ಕೈ ತೆಗೆದ ತಕ್ಷಣ ಕೆಲಸಕ್ಕೆ ಇಳಿಯಬಹುದು. ಮದುವೆಮನೆಯ ಓಡಾಟದಲ್ಲಿ ಇರುವವರಿಗೆ ಇದು ಎಷ್ಟು ಅನುಕೂಲ ಅಂತ ನನಗೂ ಗೊತ್ತು.

ಆದರೆ ನನ್ನ ಮೊದಲ ಪ್ರಶ್ನೆಗೆ ಬನ್ನಿ. ತೆಗೆಯುವುದು ಹೇಗೆ? ಮೇಲಿನ ಹೊಳಪನ್ನು ಫೈಲ್‌ನಿಂದ ಉಜ್ಜಿ, ಅಸಿಟೋನ್ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ, 10–15 ನಿಮಿಷ ಕಾದು, ಮೆತ್ತಗಾದ ಮೇಲೆ ಮೆಲ್ಲಗೆ ಸರಿಸಬೇಕು. ಬಿಡದಿದ್ದರೆ ಮತ್ತೆ ಸುತ್ತಬೇಕು. ಇದಕ್ಕೆ ತಾಳ್ಮೆ ಬೇಕು, ಇಲ್ಲವೇ ಪಾರ್ಲರಿಗೆ ಇನ್ನೊಂದು ಸಲ ಹೋಗಿ ದುಡ್ಡು ಕೊಡಬೇಕು. ಎರಡು ವಾರದಲ್ಲಿ ಉಗುರು ಸುಮಾರು ಒಂದೂವರೆ ಮಿಲಿಮೀಟರ್ ಬೆಳೆದು ಬುಡದಲ್ಲಿ ಖಾಲಿ ಜಾಗ ಕಾಣುತ್ತದೆ, ಅಂಚು ಎದ್ದಿರುತ್ತದೆ. ಬಸ್ಸಿನಲ್ಲಿ ಕೂತಾಗ ಆ ಅಂಚನ್ನು ಕೆದಕಿ ಎಳೆದುಬಿಡುತ್ತಾರೆ. ಜೆಲ್ ಜೊತೆಗೆ ಉಗುರಿನ ಮೇಲ್ಪದರವೂ ಬರುತ್ತದೆ. ಬಿಳಿ ತೇಪೆ, ಕಾಗದದಂಥ ಉಗುರು, ಬಿಸಿನೀರು ತಾಗಿದರೂ ಉರಿ. ಆಮೇಲೆ ಅದು ಬೆಳೆದು ಹೋಗಲು ತಿಂಗಳುಗಟ್ಟಲೆ.

ಆನ್‌ಲೈನಿನಲ್ಲಿ ಲ್ಯಾಂಪು, ಬಾಟಲಿ ಎಲ್ಲ ಸೇರಿಸಿ ಕಿಟ್ ಮಾರುತ್ತಾರೆ. ಇದರ ಬಗ್ಗೆ ನನ್ನ ಮಾತು ಖಡಾಖಂಡಿತ: ಕಲಿಯುವವರು ಕೊಳ್ಳಬೇಡಿ. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು. ಕಲಿಯುವವರ ಕೈಯಲ್ಲಿ ಚರ್ಮಕ್ಕೆ ತಾಗದೆ ಇರುವುದಿಲ್ಲ. ಲ್ಯಾಂಪು ಆ ಜೆಲ್‌ಗೆ ಹೊಂದದಿದ್ದರೆ ಮೇಲೆ ಗಟ್ಟಿ, ಒಳಗೆ ಹಸಿ ಉಳಿಯುತ್ತದೆ. ಹೀಮಾ ಅನ್ನುವ ರಾಸಾಯನಿಕ ಇದರಲ್ಲಿ ಮುಖ್ಯ ಅಪರಾಧಿ. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಮನೆ ಕಿಟ್‌ಗಳ ಬಗ್ಗೆ ಎಚ್ಚರಿಸಿತು. ಯುರೋಪ್ 2020ರ ನಿಯಮದಲ್ಲಿ ಹೀಮಾ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಯವರು ಮಾತ್ರ ಬಳಸಬೇಕು ಅಂದಿತು. ಟಿಪಿಓ ಅನ್ನುವ ಇನ್ನೊಂದು ಜೆಲ್ ರಾಸಾಯನಿಕವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಇದೇ ಜಾತಿಯ ರಾಸಾಯನಿಕಗಳು ಹಲ್ಲಿಗೆ ತುಂಬುವ ಬಿಳಿ ಸಿಮೆಂಟಿನಲ್ಲೂ ಇರುತ್ತವೆ. ಉಗುರಿನ ಆಸೆಗೆ ಹಲ್ಲಿನ ಚಿಕಿತ್ಸೆಗೂ ತೊಡಕಾದರೆ ಯಾರಿಗೆ ಬೇಕು?

ಪಾರ್ಲರಿನಲ್ಲಿ ಮಾಡಿಸಲೇಬೇಕು ಅಂದರೆ, ವರ್ಷಕ್ಕೆ ಒಂದೆರಡು ಸಲ, ಮದುವೆ ಮುಂಜಿಗೆ ಸಾಕು. ಲ್ಯಾಂಪಿನ ಬೆಳಕು ಯುವಿಎ, ಅಂದರೆ ಬಿಸಿಲಿನಲ್ಲೂ ಇರುವ, ಚರ್ಮಕ್ಕೆ ಹಾನಿ ಮಾಡಬಲ್ಲ ಕಿರಣ. ಹೋಗುವ ಮುಂಚೆ ಕೈಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಇಲ್ಲವೇ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಳ್ಳಿ. ತೆಗೆಯಲು ಮೆಷಿನ್ನಿಂದ ಉಗುರು ಉಜ್ಜುತ್ತೀರಾ, ನೆನೆಸಿ ತೆಗೆಯುತ್ತೀರಾ ಅಂತ ಮೊದಲೇ ಕೇಳಿ. ನೆನೆಸಿ ತೆಗೆಯುವವರ ಹತ್ತಿರ ಹೋಗಿ.

ಅಂಟಿಸುವ ಉಗುರು

ಒಂದು ದಿನದ ಚೆಂದಕ್ಕೆ ಇದು ಸರಿ. ಆರತಕ್ಷತೆಗೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಜೆಲ್‌ಗಿಂತ ಇದೇ ವಾಸಿ ಅಂತ ನನ್ನ ಅನಿಸಿಕೆ. ಗಮ್ ಬೇಡ, ಎರಡೂ ಕಡೆ ಅಂಟುವ ಸ್ಟಿಕ್ಕರ್ ತೆಗೆದುಕೊಳ್ಳಿ. ಬಿಸಿನೀರಿಗೆ ಸೋಪು ಹಾಕಿ ಬೆರಳು ನೆನೆಸಿದರೆ ಬಿಡುತ್ತದೆ. ಗಮ್ ಬಳಸಿದರೆ ಕಿತ್ತು ತೆಗೆಯುವ ಆಸೆ ಬರುತ್ತದೆ. ಆ ಗಮ್ ಹತ್ತಿಯ ಮೇಲೋ ಹತ್ತಿ ಬಟ್ಟೆಯ ಮೇಲೋ ಚೆಲ್ಲಿದರೆ ಸುಡುವಷ್ಟು ಬಿಸಿಯಾಗಬಹುದು, ಹುಷಾರು. ಅಂಟಿಸಿದ ಉಗುರಿನ ಕೆಳಗೆ ನೀರು ಸೇರಿ ನಿಂತರೆ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಹಾಗಾಗಿ ಮಾರನೇ ದಿನ ತೆಗೆದುಬಿಡಿ. ಇದನ್ನು ಹಾಕಿಕೊಂಡು ಅಡುಗೆಗೆ ಇಳಿಯಬೇಡಿ.

ಗೋರಂಟಿ

ತೆಗೆಯುವುದು ಹೇಗೆ ಅಂತ ಕೇಳಿದರೆ ಗೋರಂಟಿಗೆ ಉತ್ತರವೇ ಇಲ್ಲ. ಅದನ್ನು ತೆಗೆಯಲು ಆಗುವುದಿಲ್ಲ. ಸೊಪ್ಪಿನಲ್ಲಿರುವ ಲಾಸೋನ್ ಅನ್ನುವ ಬಣ್ಣ ಕೆರಟಿನ್‌ಗೆ ಹಿಡಿದುಕೊಳ್ಳುತ್ತದೆ. ಚರ್ಮದ ಮೇಲಿನದು ಚರ್ಮ ಉದುರಿದಂತೆ ಒಂದೆರಡು ವಾರದಲ್ಲಿ ಹೋಗುತ್ತದೆ, ಉಗುರಿನದು ಬೆಳೆದು ಹೋಗುವವರೆಗೂ ಇರುತ್ತದೆ. ಆದರೆ ತೆಗೆಯುವ ಅಗತ್ಯವೂ ಇಲ್ಲ. ಪೊರೆ ಇಲ್ಲ, ಏಳುವುದಿಲ್ಲ, ಊಟಕ್ಕೆ ಚೂರು ಬೀಳುವುದಿಲ್ಲ. ಹಾಲು ಕರೆಯುವವರಿಗೆ, ಮುದ್ದೆ ಕಟ್ಟುವವರಿಗೆ, ಹೋಟೆಲಿನ ಅಡುಗೆಯವರಿಗೆ ಇದಕ್ಕಿಂತ ಹೊಂದುವ ಬಣ್ಣ ನನಗೆ ಗೊತ್ತಿಲ್ಲ. ಆಷಾಢದಲ್ಲಿ ಸೊಪ್ಪು ರುಬ್ಬಿ ಬೆರಳ ತುದಿಗೆ ಟೋಪಿಯ ಹಾಗೆ ಇಡುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವುಜೂವಿನಲ್ಲಿ ನೀರು ಉಗುರಿಗೆ ತಾಗಬೇಕು. ಪಾಲಿಶ್ ಅದನ್ನು ತಡೆಯುತ್ತದೆ, ಗೋರಂಟಿ ತಡೆಯುವುದಿಲ್ಲ. ಅದಕ್ಕೇ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಇದನ್ನೇ ಆರಿಸುತ್ತಾರೆ.

ಅಂಗಡಿಯ ಕೋನ್‌ಗಿಂತ ಮನೆಯಲ್ಲಿ ರುಬ್ಬಿದ ಸೊಪ್ಪು ಅಥವಾ ಶುದ್ಧ ಪುಡಿ ಒಳ್ಳೆಯದು. ‘ಕಪ್ಪು ಮೆಹಂದಿ’, ‘ಐದು ನಿಮಿಷದಲ್ಲಿ ಬಣ್ಣ’ ಅಂದರೆ ದೂರ ಇರಿ. ನಿಜವಾದ ಗೋರಂಟಿ ಕೆಂಪು, ಕಂದು ಬಣ್ಣ ಕೊಡುತ್ತದೆ, ಗಂಟೆಗಟ್ಟಲೆ ಸಮಯ ಕೇಳುತ್ತದೆ. ಕಪ್ಪಿಗಾಗಿ ಸೇರಿಸುವ ಪಿಪಿಡಿ ಅನ್ನುವ ತಲೆಗೂದಲಿನ ಡೈ ರಾಸಾಯನಿಕದಿಂದ ಚರ್ಮದಲ್ಲಿ ಬೊಬ್ಬೆ ಏಳಬಹುದು. ಎಳೆ ಕೂಸುಗಳಿಗೆ ಶುದ್ಧ ಗೋರಂಟಿಯೂ ಬೇಡ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಗುವಿಗೆ ಅದರಿಂದ ರಕ್ತಕಣಗಳು ಒಡೆಯುವ ಅಪಾಯ ಇದೆ, ಆ ಕೊರತೆ ಇರುವುದು ಮನೆಯವರಿಗೆ ಮೊದಲೇ ಗೊತ್ತಿರುವುದಿಲ್ಲ.

ಯಾವ ರಿಮೂವರ್?

ಅಸಿಟೋನ್ ಇರುವುದು ಬೇಗ ತೆಗೆಯುತ್ತದೆ, ಉಗುರನ್ನು ಒಣಗಿಸುತ್ತದೆ. ಅಸಿಟೋನ್ ಇಲ್ಲದ್ದು ನಿಧಾನ, ಆದರೆ ಸ್ವಲ್ಪ ಮೃದು. ಸಾದಾ ಪಾಲಿಶ್‌ಗೆ ಅಸಿಟೋನ್ ಇಲ್ಲದ್ದು ಸಾಕು. ಗ್ಲಿಟರ್‌ಗೆ, ಜೆಲ್‌ಗೆ ಅಸಿಟೋನ್ ಬೇಕು. ಯಾವುದಾದರೂ ವಿಧಾನ ಒಂದೇ. ಹತ್ತಿ ಚೆನ್ನಾಗಿ ನೆನೆಸಿ ಉಗುರಿನ ಮೇಲೆ ಒತ್ತಿ ಹಿಡಿಯಿರಿ. ಒಂದಿಷ್ಟು ಹೊತ್ತು ಕಾದು ತುದಿಯ ಕಡೆಗೆ ಒಂದೇ ಸಲ ಎಳೆಯಿರಿ. ಒಣ ಹತ್ತಿಯಿಂದ ಗಸಗಸ ಉಜ್ಜುವುದು, ಬ್ಲೇಡಿನಿಂದ ಕೆರೆಯುವುದು, ಹಲ್ಲಿನಿಂದ ಕಚ್ಚಿ ತೆಗೆಯುವುದು ಮೂರೂ ಬೇಡ. ತೆಗೆದ ಮೇಲೆ ಕೈ ತೊಳೆದು ಎಣ್ಣೆ ಹಚ್ಚಿ.

ಎರಡೂ ಬಗೆಗೆ ಬೆಂಕಿ ತಟ್ಟನೆ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದಿನಕಡ್ಡಿ ಹತ್ತಿರ ಬಾಟಲಿ ತೆರೆಯಬೇಡಿ. ಕಿಟಕಿ ತೆಗೆದಿಡಿ. ಅಸಿಟೋನ್ ಪ್ಲಾಸ್ಟಿಕ್ ಕರಗಿಸುತ್ತದೆ, ಮೊಬೈಲ್ ಕವರಿನ ಮೇಲೆ ನೆನೆದ ಹತ್ತಿ ಇಡಬೇಡಿ. ಪಾಲಿಶ್ ಗಟ್ಟಿಯಾಯಿತು ಅಂತ ಬಾಟಲಿಗೆ ರಿಮೂವರ್ ಸುರಿದರೆ ಪಾಲಿಶ್ ಕೆಡುತ್ತದೆ. ಅದಕ್ಕೆ ಬೇರೆಯೇ ತಿನ್ನರ್ ಸಿಗುತ್ತದೆ.

ರೇಷ್ಮೆ ಸಾಕುವ ಮನೆಯವರಿಗೆ ಒಂದು ಮಾತು. ಹುಳು ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಕೂಡ ಹಚ್ಚುವುದಿಲ್ಲ ತಾನೇ? ಪಾಲಿಶ್, ರಿಮೂವರ್ ಬಾಟಲಿಯನ್ನೂ ಅಲ್ಲಿ ತೆರೆಯಬೇಡಿ. ಕೈಯ ವಾಸನೆ ಹೋಗುವಂತೆ ಸೋಪು ಹಾಕಿ ತೊಳೆದೇ ಸೊಪ್ಪು ಮುಟ್ಟಿ.

ನಿಮ್ಮ ಕೈಗೆ ಯಾವುದು?

ಟೊಮೇಟೊ ಕೀಳುವವರ ಬೆರಳಿಗೆ ಗಿಡದ ಅಂಟು ಹತ್ತಿ ಹಸಿರುಗಪ್ಪು ಬಣ್ಣ ಕೂರುತ್ತದೆ, ಉಗುರಿನ ಸಂದಿಯಲ್ಲಂತೂ ಬಿಡುವುದೇ ಇಲ್ಲ. ಹಣ್ಣಾದ ಟೊಮೇಟೊ ಹಿಂಡಿ ಅದರ ಹುಳಿಯಿಂದಲೇ ಉಜ್ಜಿ, ಆಮೇಲೆ ಸೋಪು ಹಾಕಿ. ಔಷಧಿ ಹೊಡೆದ ತೋಟದ ಕೆಲಸಕ್ಕೆ ಉಗುರು ಗಿಡ್ಡ ಇರಲಿ, ಗ್ಲೌಸ್ ಇರಲಿ. ಕೈಗೆ ಗೋರಂಟಿ ಅಥವಾ ಬರೀ ಬೇಸ್ ಕೋಟ್. ಬಣ್ಣದ ಆಸೆ ಕಾಲಿನಲ್ಲಿ ತೀರಿಸಿಕೊಳ್ಳಿ. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ಕಾಲಿನ ಉಗುರು ನಿಧಾನ ಬೆಳೆಯುತ್ತದೆ, ಪಾತ್ರೆ ತೊಳೆಯುವುದಿಲ್ಲ, ಅವರೆ ಹಿತುಕುವುದಿಲ್ಲ. ಅಲ್ಲಿ ಹಚ್ಚಿದ ಕೆಂಪು ವಾರಗಟ್ಟಲೆ ಇರುತ್ತದೆ. ಎರಡು ಕೈಯೂ ಖಾಲಿ ಇರುವುದರಿಂದ ಕಲಿಯಲೂ ಕಾಲೇ ಸುಲಭ. ಮಧ್ಯೆ ಮಧ್ಯೆ ತೆಗೆದು, ಉಗುರು ದಪ್ಪವಾಗಿದೆಯಾ, ಪುಡಿಯಾಗುತ್ತಿದೆಯಾ ಅಂತ ನೋಡಿ. ಫಂಗಸ್ ಬಣ್ಣದ ಕೆಳಗೆ ಅಡಗಿರುತ್ತದೆ.

ನರ್ಸಿಂಗ್ ಓದುವವರಿಗೆ ಆಯ್ಕೆ ಕಡಿಮೆ. ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದು, ಉಗುರಿನ ತುದಿ ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಮಾರ್ಗಸೂಚಿಯೇ ಹೇಳುತ್ತದೆ. ಫ್ಯಾಕ್ಟರಿಗೆ ಹೋಗುವವರು ತಮ್ಮ ಲೈನಿನ ನಿಯಮ ಕೇಳಿ, ಆಮೇಲೆ ಬಣ್ಣ ಕೊಳ್ಳಿ. ಶನಿವಾರ ಹಚ್ಚಿ ಸೋಮವಾರ ತೆಗೆಯಬೇಕಾದರೆ ಸಾದಾ ಪಾಲಿಶ್ ಒಂದೇ ದಾರಿ. ಆಫೀಸಿಗೆ ಹೋಗುವವರಿಗೂ ಅದೇ, ಟಾಪ್ ಕೋಟ್ ಜೊತೆಗೆ. ಕಾಲೇಜು ಹುಡುಗರೂ ಈಗ ಕಪ್ಪು, ನೀಲಿ ಹಚ್ಚುತ್ತಾರೆ. ಅವರಿಗೆ ಬೇಸ್ ಕೋಟ್ ಇನ್ನೂ ಮುಖ್ಯ, ಗಾಢ ಬಣ್ಣವಲ್ಲವೇ. ಬೆರಳು ಬಾಯಿಗೆ ಹಾಕುವ ಪುಟ್ಟ ಮಕ್ಕಳಿಗೆ ಯಾವುದೂ ಬೇಡ.

ಹೆರಿಗೆ ಹತ್ತಿರ ಇರುವವರು, ಆಪರೇಷನ್ ದಿನ ಗೊತ್ತಾಗಿರುವವರು ಜೆಲ್ ಮಾಡಿಸಬೇಡಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆಯಲ್ಲ, ಗಾಢ ಬಣ್ಣ ಇದ್ದರೆ ಅದರ ಲೆಕ್ಕ ತಪ್ಪಬಹುದು. ಸಾದಾ ಪಾಲಿಶ್ ಆದರೆ ಆಸ್ಪತ್ರೆಯಲ್ಲೇ ಒರೆಸುತ್ತಾರೆ.

ಉಗುರಿನ ಮೇಲಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸಾಮಾನ್ಯವಾಗಿ ಎಲ್ಲೋ ತಾಗಿದ ಸಣ್ಣ ಪೆಟ್ಟು. ಆದರೆ ಉಗುರು ಚಮಚದ ಹಾಗೆ ಗುಳಿಬಿದ್ದಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಉದ್ದಕ್ಕೆ ಹೊಸದಾಗಿ ಒಂದು ಕಪ್ಪು ಗೆರೆ ಬಂದು ಅಗಲವಾಗುತ್ತಿದ್ದರೆ ಬಣ್ಣ ಹಚ್ಚಿ ಮುಚ್ಚಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಮೊದಲ ಸಲ ಅಂಗಡಿಗೆ ಹೋಗುವವರು ಇಷ್ಟು ತನ್ನಿ: ಒಂದು ಗಾಜಿನ ಫೈಲ್, ಒಂದು ಬೇಸ್ ಕೋಟ್, ಒಂದು ತಿಳಿ ಗುಲಾಬಿಯೋ ತಿಳಿ ಕಂದೋ ಬಣ್ಣ, ಅಸಿಟೋನ್ ಇಲ್ಲದ ರಿಮೂವರ್. ಎಣ್ಣೆ, ಹತ್ತಿ ಮನೆಯಲ್ಲೇ ಇರುತ್ತದೆ. ಟಾಪ್ ಕೋಟ್ ಮುಂದಿನ ತಿಂಗಳು ಕೊಂಡರಾಯಿತು. ಬಣ್ಣದ ಬಾಟಲಿ ಚಿಕ್ಕದೇ ತೆಗೆದುಕೊಳ್ಳಿ, ದೊಡ್ಡದು ಮುಗಿಯುವ ಮುಂಚೆ ಗಟ್ಟಿಯಾಗುತ್ತದೆ.